ಅಚ್ಚಾದ ಹೆಸರು

ಮೊನ್ನೆ ಹುಕ್ಕೇರಿಯಲ್ಲಿ ಕಂಬಳಿ ನೇಯುವವರ ಅಂಗಳದಲ್ಲಿ ಹುಣಸೆ ಬೀಜದ ಗಂಜಿ ಕುದಿಯುತ್ತಿತ್ತು. ಆ ಮಂದ ವಾಸನೆಗೆ ನಿಂತುಬಿಟ್ಟೆ. ಎಷ್ಟೋ ವರ್ಷಗಳ ಹಿಂದೆ ಗೋಕಾಕದಲ್ಲಿ ನನ್ನ ಬಾಡಿಗೆ ಕೋಣೆಯ ಬಾಜೂ ಮನೆಯಿಂದ ದಿನವೂ ಇದೇ ವಾಸನೆ ಬರುತ್ತಿತ್ತು...

ಅದು ಕಟ್ಟಿಗೆಯಲ್ಲಿ ಹಣ್ಣು ಕೆತ್ತಿ ಮಾರುವವರ ಮನೆ. ಹಿರಿಯಣ್ಣ ಕೆತ್ತುತ್ತಿದ್ದ, ಕಿರಿಯವನು ಹುಣಸೆ ಬೀಜದ ಅಂಟು ಮೆತ್ತಿ ಉಜ್ಜುತ್ತಿದ್ದ. ಬಣ್ಣ ಮಾತ್ರ ಗಂಡನನ್ನು ಕಳೆದುಕೊಂಡ ನಡುವಿನ ಸೊಸೆಯದು. ನಾನು ಆಕೆಯನ್ನು ಚಿಕ್ಕಮ್ಮನೆಂಬಂತೆ ಕಾಕು ಎನ್ನುತ್ತಿದ್ದೆ. ಆಕೆ ಬಣ್ಣ ಹಚ್ಚಿದ ಪೇರಲದ ಮೇಲೆ ಗಿಳಿ ಕಚ್ಚಿದ ಗುರುತೂ ಇರುತ್ತಿತ್ತು.

ಒಂದು ಬೇಸಿಗೆ, ಹತ್ತಿ ಖರೀದಿಗೆ ಬಂದಿದ್ದ ಜಪಾನಿನವನೊಬ್ಬ ಆ ಮನೆಗೆ ಬಂದ. ಇಂಗ್ಲಿಷ್ ಕಲಿಸುವ ಮಾಸ್ತರನೆಂದು ನನ್ನನ್ನೂ ಕರೆದರು. ಆತ ಪೇರಲವನ್ನು ಎರಡೂ ಕೈಯಲ್ಲಿ ಹಿಡಿದು, ತಳ ತಿರುವಿ ನೋಡಿ, ಈ ಮನೆಯ ಮುದ್ರೆ ಯಾವುದು ಎಂದ. ಯಾರ ಕೈಕೆಲಸ ಎಂದು ಕೇಳಲೇ ಇಲ್ಲ. ತಮ್ಮಲ್ಲಿ ಮನೆಯ ಹೆಸರೇ ಹೆಸರು, ಒಬ್ಬರನ್ನೇ ಹೊಗಳಿದರೆ ಅವರಿಗೇ ಮುಜುಗರ ಎಂದ. ಕಾಕುಗೆ ತಿಳಿಸಿದೆ.

"ನಮ್ಮಂಗ ಇವಗೂ ಯಾರೋ ಅತ್ತಿ ಕಲಿಸ್ಯಾಳ ನೋಡ್ರಿ, ಮಾಸ್ತರ!" ಎಂದು ನಕ್ಕಳು.

ಮರುವರ್ಷ ಪ್ರದರ್ಶನಕ್ಕೆ ಸಾಮಾನು ಆರಿಸಲು ಇಂಗ್ಲಿಷ್ ಸಾಹೇಬನೊಬ್ಬ ಬಂದ. ಅದೇ ಬಗೆಯ ಪೇರಲ ಹಿಡಿದು, ಯಾರು ಮಾಡಿದ್ದು ಎಂದ.

"ನಾವ ರೀ," ಎಂದ ಹಿರಿಯಣ್ಣ.

ಬಣ್ಣ ಹಚ್ಚುವುದು ಮನೆಯಲ್ಲ, ಒಬ್ಬರ ಕೈ, ಮನ್ನಣೆ ಆ ಒಬ್ಬರಿಗೇ ಸಲ್ಲಬೇಕು ಎಂದ ಸಾಹೇಬ. ನನಗೆ ಅದು ನ್ಯಾಯವೆನಿಸಿತು. ಯಾರನ್ನೂ ಕೇಳದೆ ಕಾಕುವಿನ ಹೆಸರು ಬರೆಸಿದೆ.

ಮೂರು ತಿಂಗಳಿಗೆ ಪ್ರಶಸ್ತಿಪತ್ರ ಬಂತು. ಅಚ್ಚಾದದ್ದು ಒಂದೇ ಹೆಸರು. ಹಿರಿಯಣ್ಣ ನನ್ನಿಂದ ಎರಡು ಸಲ ಓದಿಸಿದ. ಆಮೇಲೆ ಆಕೆಯ ಕಡೆ ತಿರುಗಿದ.

"ಎಲ್ಲಾ ನೀ ಒಬ್ಬಾಕಿನ ಮಾಡೀಯಂತ. ಹಂಗಾರ ಒಬ್ಬಾಕಿನ ಇರು. ಈ ಮನಿ ಕುಂಚ ಮುಟ್ಟಬ್ಯಾಡ."

ಸಂಜೆ ಕಾಕು ಕಾಗದ ಹಿಡಿದು ನನ್ನ ಬಾಗಿಲಿಗೆ ಬಂದಳು.

"ಇದ್ರಾಗಿಂದ ನನ್ನ ಹೆಸರ ತಗ್ಯಾಕ ಬರತೈತೇನ್ರಿ, ಮಾಸ್ತರ?"

"ಅಚ್ಚಾಗೇತಿ, ಕಾಕು."

"ನಾ ಬರಸ್ರಿ ಅಂದಿಲ್ಲಂತ ನೀವರ ಅವರಿಗೆ ಹೇಳ್ರಿ."

ಹೇಳಿದೆ. ಹಿರಿಯಣ್ಣ ಕೆತ್ತುತ್ತಲೇ ಇದ್ದ. ವಾರದೊಳಗೆ ಆಕೆಯನ್ನು ತುಕ್ಕಾನಟ್ಟಿಯ ತವರಿಗೆ ಕಳಿಸಿದರು. ಅಲ್ಲಿ ಅಣ್ಣಂದಿರ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳಂತೆ... ಬಣ್ಣ ಮತ್ತೆ ಮುಟ್ಟಲಿಲ್ಲ.

ಸಾಹೇಬ ಹೇಳಿದ್ದು ಸುಳ್ಳಲ್ಲ. ಜಪಾನಿನವನದೇ ಸರಿ ಎನ್ನಲೂ ಆರೆ, ಅವನ ಮಾತು ನಡೆದಿದ್ದರೆ ಆಕೆಯ ಕೈ ಯಾರಿಗೂ ಕಾಣುತ್ತಿರಲಿಲ್ಲ. ಆದರೆ ಆಕೆಗೆ ಏನು ಬೇಕೆಂದು ನಾವು ಮೂವರೂ ಕೇಳಲಿಲ್ಲ. ಅವರಿಬ್ಬರಿಗೆ ಕನ್ನಡ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಈಗ ಕೇಳೋಣವೆಂದರೆ ಆಕೆಯೇ ಇಲ್ಲ.