ಕೆಂಪು ಬಟ್ಟೆ ಕಟ್ಟಿದ ವಾಲ್ವ್

ಅವರ ಬಲಗೈಯ ಹಿಂಬದಿಯಲ್ಲಿ ಒಂದೇ ಒಂದು ಕೂದಲಿರಲಿಲ್ಲ. ಎಡಗೈ ತುಂಬ ನರೆತ ರೋಮ. ಬಲಗೈ ಮಾತ್ರ ಮಣಿಕಟ್ಟಿನಿಂದ ಬೆರಳ ಗೆಣ್ಣಿನವರೆಗೆ ಕೂಸಿನ ಕೆನ್ನೆಯಷ್ಟು ನುಣುಪು. ನಲವತ್ತು ವರ್ಷ ಬಿಸಿ ಪೈಪುಗಳ ಹತ್ತಿರ ಆ ಕೈಯನ್ನು ಹಿಂದುಮುಂದಾಗಿ ಹಿಡಿದು ಶಾಖ ನೋಡಿದ್ದರ ಫಲ ಅದು. ಅಂಗೈ ಯಾಕೆ ಇಡುವುದಿಲ್ಲ ಎಂದು ಕೆಲಸಕ್ಕೆ ಸೇರಿದ ಮೊದಲ ವಾರವೇ ಕೇಳಿದ್ದೆ. ಅಂಗೈ ಗಟ್ಟಿ ಬಿದ್ದುಹೋಗಿದೆ, ಅದಕ್ಕೇನೂ ತಿಳಿಯುವುದಿಲ್ಲ, ಹಿಂಗೈಯನ್ನು ಮಾತ್ರ ನಂಬಬಹುದು ಎಂದಿದ್ದರು.

ಎರಡು ಸಾವಿರದ ಇಸವಿ ಕಳೆದು ಮೂರೋ ನಾಲ್ಕೋ ವರ್ಷವಾಗಿತ್ತು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರಸ್ತೆಯಲ್ಲಿದ್ದ ಒಂದು ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ ನಾನು ಕೆಲಸಕ್ಕಿದ್ದೆ. ಸ್ಟೋರು, ಹಾಜರಿ, ಫೋನು ಮೂರೂ ನನ್ನ ತಲೆಗೇ. ಬಿ.ಕಾಂ. ಪಾಸಾಗಿದ್ದೆನಲ್ಲ, ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಅವರು ಅಲ್ಲಿಯ ಫಿಟ್ಟರು. ಬಾಯ್ಲರಿನಿಂದ ಹೊರಟ ಆವಿ ಅರವತ್ತು ಹೆಂಗಸರ ಮುಂದಿನ ಬೇಸಿನ್ನುಗಳ ನೀರು ಕಾಯಿಸಬೇಕು, ಆ ಬಿಸಿನೀರಿನಲ್ಲಿ ಗೂಡು ತೇಲಬೇಕು, ಎಳೆ ಬಿಚ್ಚಬೇಕು. ಆ ಆವಿ ಹೋಗುವ ದಾರಿಯ ಪ್ರತಿಯೊಂದು ಪೈಪೂ ಪ್ರತಿಯೊಂದು ವಾಲ್ವೂ ಅವರ ಕೈಕೆಳಗೆ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ವಾಲ್ವೆಂದರೆ ನಲ್ಲಿ ಎಂದುಕೊಂಡಿದ್ದವಳು ನಾನು. ಒಮ್ಮೆ ಅವರು ಗ್ಲೋಬ್ ವಾಲ್ವ್ ಬೇಕೆಂದು ಚೀಟಿ ಬರೆದುಕೊಟ್ಟರೆ, ಅಂಗಡಿಯವನು ಕೊಟ್ಟ ಗೇಟ್ ವಾಲ್ವನ್ನು ಅದೇ ಇದೇ ಎಂದು ತಂದಿಟ್ಟೆ. ಬೇರೆಯವರಾಗಿದ್ದರೆ ನಾಲ್ಕು ಜನರ ಮುಂದೆ ಮರ್ಯಾದೆ ತೆಗೆಯುತ್ತಿದ್ದರು. ಚಾಚಾ ಎರಡನ್ನೂ ಬಿಚ್ಚಿ ಸ್ಟೋರಿನ ಮೇಜಿನ ಮೇಲೆ ಹರವಿಕೊಂಡು ಕೂತರು. ಗೇಟ್ ವಾಲ್ವ್ ಬಾಗಿಲು ಇದ್ದ ಹಾಗೆ. ತೆಗೆದರೆ ಪೂರ್ತಿ ತೆಗೆಯಬೇಕು, ಮುಚ್ಚಿದರೆ ಪೂರ್ತಿ ಮುಚ್ಚಬೇಕು, ಅರ್ಧ ತೆಗೆದಿಟ್ಟರೆ ಆವಿಯ ರಭಸಕ್ಕೆ ಅದರ ತಟ್ಟೆಯೇ ಸವೆಯುತ್ತದೆ. ಗ್ಲೋಬ್ ವಾಲ್ವ್ ಸ್ಟವ್ವಿನ ಗುಂಡಿ ಇದ್ದ ಹಾಗೆ, ಜಾಸ್ತಿ ಕಮ್ಮಿ ಮಾಡಿಕೊಳ್ಳಲು ಇರುವುದೇ ಅದು. ಅದಕ್ಕೇ ಬೇಸಿನ್ನಿಗೊಂದು ಅದನ್ನು ಹಾಕಿದ್ದು. ನೀರಿನ ಪಂಪಿಗೂ ಬಾಯ್ಲರಿಗೂ ನಡುವೆ ಇರುವುದು ಹೋದ ನೀರನ್ನು ವಾಪಸು ಬಿಡದ ವಾಲ್ವ್. ಬಾಲ್ ವಾಲ್ವಿನ ಹಿಡಿ ಪೈಪಿನ ಉದ್ದಕ್ಕೆ ಮಲಗಿದ್ದರೆ ತೆರೆದಿದೆ, ಅಡ್ಡ ನಿಂತಿದ್ದರೆ ಮುಚ್ಚಿದೆ. ದೂರದಿಂದಲೇ ನೋಡಿ ಹೇಳಬಹುದು.

"ಗೇಟ್ ವಾಲ್ವೇ ಬೇವಕೂಫು ಕಣಮ್ಮ," ಎಂದು ಸ್ಕ್ರೂಡ್ರೈವರಿನಿಂದ ಅದರ ತಲೆಗೆ ಮೊಟಕಿದ್ದರು. "ನಮ್ಮಲ್ಲಿರೋದು ಇಷ್ಟೂ ಹಳೇದು, ಇದ್ರ ಮುಖ ನೋಡಿದ್ರೆ ಏನೂ ಗೊತ್ತಾಗಲ್ಲ. ತೆಗೆದಿದ್ರೂ ಒಂದೇ, ಮುಚ್ಚಿದ್ರೂ ಒಂದೇ."

ಆ ಬೇವಕೂಫನ ಸಲುವಾಗಿ ಅವರು ಒಂದು ಪದ್ಧತಿ ಮಾಡಿಟ್ಟಿದ್ದರು. ತಲೆಯ ಮೇಲಿನ ವೀಲನ್ನು ಕೊನೆಮುಟ್ಟ ತಿರುಗಿಸಿ ತೆರೆದ ಮೇಲೆ ಅರ್ಧ ಸುತ್ತು ಹಿಂದಕ್ಕೆ ಬಿಡಬೇಕು. ಕೊನೆಗೆ ಹೋಗಿ ಕಚ್ಚಿಕೊಂಡ ವೀಲು, ಪೂರ್ತಿ ಮುಚ್ಚಿದ ವೀಲಿನ ಹಾಗೆಯೇ ಮಿಸುಕುವುದಿಲ್ಲ. ಮುಂದೆ ಬಂದವರು ಮುಚ್ಚಿದೆ ಎಂದು ಮೋಸ ಹೋಗುತ್ತಾರೆ. ನಮ್ಮಲ್ಲಿ ಯಾವ ವೀಲು ಸ್ವಲ್ಪ ಆಡುತ್ತದೋ ಅದು ತೆರೆದಿದೆ, ಯಾವುದು ಆಡುವುದಿಲ್ಲವೋ ಅದು ಮುಚ್ಚಿದೆ. ಬಾಯ್ಲರಿಗೆ ಸೌದೆ ಹಾಕುವ ಜಂಗಮಕೋಟೆಯವನಿಂದ ಹಿಡಿದು ಗುಡಿಸುವವರವರೆಗೆ ಎಲ್ಲರಿಗೂ ಇದು ಬಾಯಿಪಾಠ. ಇನ್ನೊಂದು ಪದ್ಧತಿ ಕೆಂಪು ಬಟ್ಟೆಯದು. ರಿಪೇರಿಗೆಂದು ಮುಚ್ಚಿದ ವಾಲ್ವಿಗೆ ಅವರು ಒಂದು ಕೆಂಪು ಚೂರು ಕಟ್ಟುತ್ತಿದ್ದರು. ಅದನ್ನು ಅವರ ಹೊರತು ಯಾರೂ ಬಿಚ್ಚಬಾರದು. ಆ ಬಟ್ಟೆ ಕೊಟ್ಟವಳು ನಾನೇ, ನಮ್ಮಮ್ಮನ ಹಳೇ ಸೀರೆಯದು.

ಜೋರು ಮನುಷ್ಯ ಅಲ್ಲ, ಆದರೆ ಬಗ್ಗುವವರೂ ಅಲ್ಲ. ಬಾಯ್ಲರಿನ ಮೇಲಿನ ಸೇಫ್ಟಿ ವಾಲ್ವ್ ಆಗಾಗ ಸಿಳ್ಳೆ ಹಾಕಿ ಆವಿ ಬಿಡುತ್ತಿತ್ತು. ಸೌದೆ ದಂಡ, ಅದನ್ನು ಬಿಗಿದುಬಿಡಿ ಎಂದರು ಮಾಲೀಕರು. ಚಾಚಾ ಟೋಪಿ ತೆಗೆದು ತಲೆ ಕೆರೆದುಕೊಂಡು, "ಅದು ನಮ್ಮ ಮಾತು ಕೇಳೋ ಸಾಮಾನಲ್ಲ ಸಾರ್, ನಾವೇ ಅದ್ರ ಮಾತು ಕೇಳ್ಬೇಕು. ಬಿಗೀಬೇಕು ಅಂದ್ರೆ ನನ್ನ ಲೆಕ್ಕ ಇವತ್ತೇ ಮುಗಿಸಿಬಿಡಿ," ಎಂದರು. ಮಾಲೀಕರು ಆ ಮಾತು ಮತ್ತೆ ಎತ್ತಲಿಲ್ಲ.

ತಮಾಷೆಯೂ ಇತ್ತು. ಹಿಂದೆ ಗೌರಿಬಿದನೂರಿನ ಕಡೆ ಒಂದು ದೊಡ್ಡ ಕಾರ್ಖಾನೆಯಲ್ಲಿದ್ದರಂತೆ, ಅಲ್ಲಿ ಪೈಪಿನೊಳಗೆ ರೆಕ್ಕೆ ತಿರುಗುವ ಚಿಟ್ಟೆ ವಾಲ್ವುಗಳಿದ್ದವಂತೆ. ಚಿಟ್ಟೆ ತೂತು ಕೊರೆದು ಹೊರಗೆ ಬಂದರೆ ಗೂಡು ಹಾಳು ಎನ್ನುವ ಊರು ನಮ್ಮದು. ಅದೆಂಥ ಚಿಟ್ಟೆ ಚಾಚಾ, ಪೈಪು ತೂತು ಮಾಡಲ್ವಾ ಎಂದು ಹೆಂಗಸರು ತೆಲುಗಿನಲ್ಲೂ ಕನ್ನಡದಲ್ಲೂ ಕಾಡಿಸುತ್ತಿದ್ದರು. ಅವರೂ ನಗುತ್ತಿದ್ದರು. ನನ್ನನ್ನು ತೋರಿಸಿ, ಈ ಹುಡುಗಿಗೆ ಎಲ್ಲ ವಾಲ್ವಿನ ಹೆಸರೂ ಗೊತ್ತು, ನಾಳೆ ನಾನು ಸತ್ತರೆ ನೀವೇನೂ ಹೆದರಬೇಡಿ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಆ ಹೊಗಳಿಕೆಗೆ ನಾನು ಎಷ್ಟು ಉಬ್ಬಿದ್ದೆ ಎಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ಆ ಶುಕ್ರವಾರ ಹಿಂದಿನ ಸಾಲಿನ ಪೈಪಿನ ಒಂದು ಕೂಡುಜಾಗದಲ್ಲಿ ಆವಿ ಬಿಟ್ಟುಬಿಟ್ಟು ಸೋರುತ್ತಿತ್ತು. ನಡುವೆ ಬಿಗಿದಿದ್ದ ಗ್ಯಾಸ್ಕೆಟ್ ಬಿಲ್ಲೆ ಹೋಗಿತ್ತು. ಪೈಪು ಆರಲಿ, ನಮಾಜು ಮುಗಿಸಿ ಬಂದು ಬದಲಾಯಿಸುತ್ತೇನೆ ಎಂದು ಚಾಚಾ ಆ ಸಾಲಿನ ಗೇಟ್ ವಾಲ್ವ್ ಮುಚ್ಚಿದರು, ಕೆಂಪು ಬಟ್ಟೆ ಕಟ್ಟಿದರು, ನಾನು ಬರುವವರೆಗೆ ಯಾರೂ ಮುಟ್ಟಬೇಡಿ ಎಂದು ನನಗೇ ಹೇಳಿ ಸೈಕಲ್ ಹತ್ತಿದರು.

ಅವರು ಗೇಟು ದಾಟಿ ಹತ್ತು ನಿಮಿಷವಾಗಿರಲಿಲ್ಲ, ಹಿಂದಿನ ಸಾಲಿನ ಹೆಂಗಸರು ಗಲಾಟೆ ಎಬ್ಬಿಸಿದರು. ಬೇಯಿಸಿದ ಗೂಡು ಬೇಸಿನ್ನಿನಲ್ಲಿದೆ, ನೀರು ತಣ್ಣಗಾಗುತ್ತಿದೆ, ಎಳೆ ಪಟಪಟ ಹರಿಯುತ್ತಿದೆ. ಅದೇ ಹೊತ್ತಿಗೆ ಮಾಲೀಕರ ಫೋನು ಬಂತು, ಹೀಗಾಗಿದೆ ಎಂದೆ. ಆ ಗೂಡೆಲ್ಲ ಕೆಟ್ಟರೆ ನಿನ್ನನ್ನೇ ಕೇಳುತ್ತೇನೆ, ಏನಾದರೂ ಮಾಡು ಎಂದರು. ಇಪ್ಪತ್ತು ನಿಮಿಷ ಆವಿ ಬಿಟ್ಟು ಮುಚ್ಚಿದರೆ ಆಯಿತು, ಚಾಚಾಗೆ ಗೊತ್ತೂ ಆಗುವುದಿಲ್ಲ ಎಂದುಕೊಂಡೆ. ಬಟ್ಟೆ ಬಿಚ್ಚಿದೆ. ಎರಡೂ ಕೈಯಲ್ಲಿ ವೀಲು ಹಿಡಿದು, ಇನ್ನು ತಿರುಗುವುದಿಲ್ಲ ಎನ್ನುವವರೆಗೆ ತಿರುಗಿಸಿದೆ. ಬೇಸಿನ್ನುಗಳಲ್ಲಿ ಗುಳುಗುಳು ಶುರುವಾಯಿತು, ಹೆಂಗಸರು ನನ್ನ ಕಡೆ ನೋಡಿ ನಕ್ಕರು. ಆ ನಗುವಿನಲ್ಲಿ ಮೈಮರೆತು ಅರ್ಧ ಸುತ್ತು ಹಿಂದಕ್ಕೆ ಬಿಡುವುದು ನನಗೆ ನೆನಪೇ ಆಗಲಿಲ್ಲ.

ಆ ಲಾಟಿನ ಗೂಡು ಮುಗಿಯಿತು. ಹೆಂಗಸರು ತಮ್ಮ ತಮ್ಮ ಬೇಸಿನ್ನಿನ ವಾಲ್ವ್ ಮುಚ್ಚಿ ಊಟಕ್ಕೆ ಎದ್ದರು. ಇನ್ನೊಂದು ಫೋನು ಬಂದಿತ್ತೆಂದು ನಾನು ಓಡುತ್ತಾ, ಆ ವಾಲ್ವ್ ಮುಚ್ಚಿಬಿಡು ಎಂದು ಜಂಗಮಕೋಟೆಯವನಿಗೆ ಕೂಗಿ ಹೇಳಿದೆ. ಅವನು ಹೂಂ ಅಂದವನು ಬುತ್ತಿ ಬಿಚ್ಚಿಕೊಂಡು ಕೂತು ಮರೆತೇಬಿಟ್ಟ. ನಾನು ಫೋನು ಮುಗಿಸಿ ಬಂದು ವೀಲು ಹಿಡಿದು ನೋಡಿದೆ. ಆಡಲಿಲ್ಲ. ಆಡದ ವೀಲೆಂದರೆ ಮುಚ್ಚಿದ ವಾಲ್ವ್, ಸರಿ, ಮುಚ್ಚಿದ್ದಾನೆ ಎಂದುಕೊಂಡು ಕೆಂಪು ಬಟ್ಟೆಯನ್ನು ಮೊದಲಿದ್ದ ಹಾಗೆಯೇ ಕಟ್ಟಿದೆ.

ಚಾಚಾ ಬಂದರು. ಆ ಹೊತ್ತಿಗೆ ಸೋರುವುದು ನಿಂತಿತ್ತು. ತೋಳು ಮಡಚಿ, ಸ್ಪ್ಯಾನರ್ ಎತ್ತಿಕೊಂಡು, ರೂಢಿಯಂತೆ ಹಿಂಗೈಯನ್ನು ಪೈಪಿನ ಹತ್ತಿರ ಹಿಡಿದರು. ಹುಬ್ಬು ಗಂಟಾಯಿತು. ಮತ್ತೊಮ್ಮೆ ಹಿಡಿದರು. ಹೋಗಿ ವೀಲು ಅಲ್ಲಾಡಿಸಿ ನೋಡಿದರು, ಬಟ್ಟೆ ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಇಷ್ಟೊತ್ತಿಗೆ ಆರಬೇಕಿತ್ತಲ್ಲಮ್ಮ. ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ ಚಾಚಾ," ಎಂದೆ.

ಒಂದು ಸಣ್ಣ ನಾಚಿಕೆಗೆ ಹೇಳಿದ ಮಾತು ಅದು. ನೀನು ಬಟ್ಟೆ ಬಿಚ್ಚಿದೆಯಾ ಎಂದು ಅವರು ಬೇಜಾರು ಮಾಡಿಕೊಳ್ಳುತ್ತಾರಲ್ಲ ಎನ್ನುವ ಅಳುಕು, ಅಷ್ಟೇ. ಹೇಗಿದ್ದರೂ ಮುಚ್ಚಿದೆಯಲ್ಲ ಎಂಬ ಧೈರ್ಯ ಬೇರೆ. ಚಾಚಾ ತಮ್ಮ ಕೈಗಿಂತ ನನ್ನ ಮಾತನ್ನು ಹೆಚ್ಚು ನಂಬಿದರು. ಮೂರನೆಯ ಬೋಲ್ಟು ಸಡಿಲವಾಗುತ್ತಿದ್ದ ಹಾಗೆ ಕೂಡುಜಾಗ ಬಾಯಿ ಬಿಟ್ಟಿತು. ಆವಿಯ ಸದ್ದಿನಲ್ಲಿ ಅವರು ಕೂಗಿದ್ದು ಕೂಡ ನನಗೆ ಕೇಳಲಿಲ್ಲ. ಮುಖ, ಕತ್ತು, ಎರಡೂ ಕೈ.

ಜೀವ ಉಳಿಯಿತು, ಕಣ್ಣು ಹೋದವು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಮುದುಡಿದವು. ಮೊದಲು ಚಿಕ್ಕಬಳ್ಳಾಪುರದ ಆಸ್ಪತ್ರೆ, ಆಮೇಲೆ ಬೆಂಗಳೂರಿನದು, ಆಮೇಲೆ ಶಿಡ್ಲಘಟ್ಟದ ಅವರ ಮನೆಯ ಒಳಕೋಣೆಯ ಮಂಚ.

ಕಾರ್ಖಾನೆಯಲ್ಲಿ ಮಾಲೀಕರು ನನ್ನನ್ನು ಕರೆದು, ನನ್ನ ಫೋನಿನ ಮಾತು ಎತ್ತಬೇಡ, ನಿನ್ನ ಹೆಸರೂ ಬರುವುದು ಬೇಡ, ಬೀಗ ಬಿದ್ದರೆ ಇಷ್ಟು ಹೆಂಗಸರ ಗತಿ ಏನು ಯೋಚನೆ ಮಾಡು ಎಂದರು. ವಾಲ್ವ್ ಪೂರ್ತಿ ತೆರೆದೇ ಇತ್ತು, ಫಿಟ್ಟರು ಮುಚ್ಚುವ ಬದಲು ಉಲ್ಟಾ ತಿರುಗಿಸಿ ಬಟ್ಟೆ ಕಟ್ಟಿದ್ದಾರೆ, ವಯಸ್ಸಾಗಿತ್ತು ಎಂದು ಅಪಘಾತದ ವರದಿ ಬರೆದದ್ದಾಯಿತು. ಹಿಂದಿನ ಸಾಲಿನ ಹೆಂಗಸರು ತಲೆ ಬಗ್ಗಿಸಿ ಎಳೆ ಹುಡುಕುತ್ತಾ ಕೂತರು. ಜಂಗಮಕೋಟೆಯವನು ಮುಂದಿನ ವಾರದಿಂದ ಕೆಲಸಕ್ಕೆ ಬರಲಿಲ್ಲ. ಅಷ್ಟೂ ಜನಕ್ಕೆ ಗೊತ್ತಿದ್ದ ಸಂಗತಿ ಅವರೊಬ್ಬರಿಗೆ ಮಾತ್ರ ಗೊತ್ತಿರಲಿಲ್ಲ.

ನಾನು ತಿಂಗಳಿಗೆರಡು ಸಲ ಅವರ ಮನೆಗೆ ಹೋಗುತ್ತಿದ್ದೆ. ಪ್ರತಿ ಸಲವೂ ಹೇಳಿಬಿಡಬೇಕೆಂದೇ ಹೋಗುತ್ತಿದ್ದೆ, ಪ್ರತಿ ಸಲವೂ ಟೀ ಕುಡಿದು ಬರುತ್ತಿದ್ದೆ. ಅವರು ಕಣ್ಣು ಹೋದದ್ದಕ್ಕೆ ಅತ್ತಿದ್ದನ್ನು ನಾನು ನೋಡಲಿಲ್ಲ. ಅವರನ್ನು ತಿನ್ನುತ್ತಿದ್ದದ್ದು ಬೇರೆ. ಮುದುಡಿದ ಕೈಯನ್ನು ಗಾಳಿಯಲ್ಲಿ ಬಲಕ್ಕೆ ತಿರುಗಿಸುತ್ತಾ, ಬಲಕ್ಕೇ ತಿರುಗಿಸಿದೆನಲ್ಲ, ಬಲಕ್ಕೆ ತಿರುಗಿಸಿದರೆ ಮುಚ್ಚಬೇಕಲ್ಲ ಎಂದು ಗಂಟೆಗಟ್ಟಲೆ ಹೇಳಿಕೊಳ್ಳುತ್ತಿದ್ದರು. ಕೊನೆಕೊನೆಗೆ ತಮ್ಮ ತಲೆಯ ಮೇಲೆ ಅವರಿಗೇ ನಂಬಿಕೆ ಹೋಯಿತು. ನಮಾಜಿನಲ್ಲಿ ಎಷ್ಟು ಸಲ ಬಾಗಿದೆ ಎಂದು ಹೆಂಡತಿಯನ್ನು ಕೇಳುವರು. ಒಲೆ ಆರಿಸಿದ್ದೀಯಾ ಎಂದು ಹತ್ತು ಸಲ ಕೇಳುವರು. ಊರಿನ ಹತ್ತಾರು ಬಾಯ್ಲರುಗಳನ್ನು ಕಟ್ಟಿ ನಿಲ್ಲಿಸಿದ್ದ ಮನುಷ್ಯ, ಅದರಲ್ಲಿ ಎಲ್ಲೆಲ್ಲಿ ಏನೇನು ಉಲ್ಟಾ ಮಾಡಿಟ್ಟಿದ್ದೀನೋ, ಯಾರನ್ನಾದರೂ ಕಳಿಸಿ ನೋಡಿಸಿ ಎಂದು ಬಂದವರನ್ನೆಲ್ಲ ಬೇಡುತ್ತಿದ್ದರು.

ಇದನ್ನು ನೋಡಿಯೂ ನಾನು ಎರಡು ವರ್ಷ ಬಾಯಿ ಬಿಡಲಿಲ್ಲ. ಹೇಡಿತನ ಎನ್ನುವುದಕ್ಕೆ ಬೇರೆ ಹೆಸರಿಲ್ಲ. ಬಾಯಿ ಬಿಟ್ಟದ್ದು ಕಾರ್ಖಾನೆ ತಾನಾಗಿಯೇ ಮುಚ್ಚಿದ ಮೇಲೆ. ಹೊರದೇಶದ ರೇಷ್ಮೆ ಬಂದು ನಮ್ಮ ನೂಲು ಕೇಳುವವರಿಲ್ಲವಾಗಿ, ವಾಲ್ವುಗಳೆಲ್ಲ ಗುಜರಿಗೆ ಹೋಗಿದ್ದವು. ಇನ್ನು ಉಳಿಸಬೇಕಾದ ಕೆಲಸ ಯಾರಿಗೂ ಇರಲಿಲ್ಲ.

ಅವರ ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಫೋನು ಬಂದದ್ದು, ಬಟ್ಟೆ ಬಿಚ್ಚಿದ್ದು, ವೀಲು ಕಚ್ಚಿಕೊಳ್ಳುವವರೆಗೆ ತಿರುಗಿಸಿದ್ದು, ಹಿಂದಕ್ಕೆ ಬಿಡದೆ ಹೋದದ್ದು, ಮತ್ತೆ ಬಟ್ಟೆ ಕಟ್ಟಿದ್ದು. ನೀವು ಸರಿಯಾಗಿಯೇ ಮುಚ್ಚಿದ್ದಿರಿ ಚಾಚಾ, ತಪ್ಪು ನನ್ನದು, ಬಯ್ಯಿರಿ ಎಂದು ಕಾಲು ಹಿಡಿದುಕೊಂಡೆ. ಅವರು ತಡಕಾಡಿ ನನ್ನ ತಲೆಯ ಮೇಲೆ ಕೈಯಿಟ್ಟರು.

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ, ಗೊತ್ತಾಗ್ತದಮ್ಮ ನಂಗೆ. ಅವತ್ತು ನಾನು ನಿನ್ನ ಕೇಳ್ದೆ, ನೀನು ಇಲ್ಲ ಅಂದೆ. ನೀನು ಸುಳ್ಳು ಹೇಳೋ ಹುಡುಗಿ ಅಲ್ಲ."

ಆಣೆ ಇಟ್ಟೆ, ಅತ್ತೆ, ಹಿಂದಿನ ಸಾಲಿನ ಹೆಂಗಸರನ್ನು ಕರೆತಂದು ಹೇಳಿಸುತ್ತೇನೆ ಎಂದೆ. ಅವರು ನಕ್ಕು, ಬೇಡ, ಅವರೂ ನಿನ್ನ ಹಾಗೇ ಒಳ್ಳೆಯವರು, ನೀನು ಹೇಳಿಕೊಟ್ಟದ್ದನ್ನೇ ಹೇಳುತ್ತಾರೆ ಎಂದರು. ಆದರೂ ಇಬ್ಬರನ್ನು ಕೇಳಿದೆ. ಹಳೆಯದನ್ನು ಯಾಕೆ ಕೆದಕುತ್ತೀಯ ಎಂದು ಇಬ್ಬರೂ ಬರಲಿಲ್ಲ. ಆಮೇಲೆ ಎಷ್ಟು ಸಲ ಹೋಗಿ ಹೇಳಿದರೂ ಚಾಚಾ ಸುಮ್ಮನೆ ತಲೆ ನೇವರಿಸುವರು. ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕೊನೆಯ ದಿನವೂ ಕೈ ಬಲಕ್ಕೆ ತಿರುಗುತ್ತಿತ್ತಂತೆ.

ನಲವತ್ತನೆಯ ದಿನದ ಫಾತೆಹಾಕ್ಕೆ ಅವರ ಹೆಂಡತಿ ನನ್ನನ್ನು ಹೇಳಿ ಕಳಿಸಿ ಕರೆಸಿಕೊಂಡರು. ಚಿಂತಾಮಣಿಯಿಂದ ನೆಂಟರು ಬಂದು ಮನೆ ತುಂಬಿತ್ತು. ಚಾಚಿ ನನ್ನ ಕೈ ಹಿಡಿದು ಹೆಂಗಸರ ನಡುವೆ ಕೂರಿಸಿ, ಉರ್ದುವಿನಲ್ಲಿ ಅವರಿಗೆ ಏನೋ ಹೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು, ಒಬ್ಬ ಅಜ್ಜಿ ನನ್ನ ಗಲ್ಲ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡಳು. ಏನು ಹೇಳಿದಿರಿ ಎಂದು ಚಾಚಿಯನ್ನು ಕೇಳಿದೆ.

"ಅವ್ರು ಮಾಡಿದ ತಪ್ಪನ್ನ ಈ ಹುಡುಗಿ ತನ್ನ ತಲೆ ಮೇಲೆ ಹಾಕ್ಕೊಂಡ್ಳು ಅಂದೆ. ಹೊಟ್ಟೇಲಿ ಹುಟ್ಟಿದವ್ರೂ ಯಾರು ಮಾಡ್ತಾರಮ್ಮ ಹಂಗೆ?"

ಇಲ್ಲ ಚಾಚಿ, ಅದು ನಿಜವಾಗಿಯೂ ನನ್ನದೇ ಎಂದು ಬಾಯಿ ತೆಗೆದೆ. ಅಷ್ಟರಲ್ಲಿ ಅವರು ನನ್ನ ಮುಂದೆ ತಟ್ಟೆ ಇಟ್ಟು, ನೋಡಿ, ಇನ್ನೂ ಹಾಗೇ ಹೇಳುತ್ತಾಳೆ ಎಂದು ಕಣ್ಣೊರೆಸಿಕೊಂಡರು. ಅಜ್ಜಿ ನನ್ನ ಬೆನ್ನು ಸವರುತ್ತಾ ಕೂತಳು. ನಾನು ತಲೆ ಬಗ್ಗಿಸಿ, ಅವರು ಬಡಿಸಿದ್ದನ್ನೆಲ್ಲ ಉಂಡು ಎದ್ದುಬಂದೆ.