ಖಂಡೇ ಪೂಜೆಯ ದಿನ ಆರಿಸಿದ ದೀಪ

೨೦೦೭ರ ಸುಮಾರಿಗೆ ನಾನು ದಾಂಡೇಲಿಯ ಒಂದು ಕಾರ್ ವರ್ಕ್‌ಶಾಪಿನಲ್ಲಿ ಸರ್ವಿಸ್ ಸೂಪರ್‌ವೈಸರ್ ಆಗಿದ್ದೆ. ಡ್ಯಾಶ್‌ಬೋರ್ಡಿನಲ್ಲಿ ಪಾನಾ, ಅಂದರೆ ಸ್ಪ್ಯಾನರ್, ಚಿತ್ರದ ಹಳದಿ ದೀಪವಿರುವ ಕಾರುಗಳು ಆಗಷ್ಟೇ ನಮ್ಮ ಕಡೆ ಬರತೊಡಗಿದ್ದವು. ದೀಪ ಹತ್ತಿದರೆ ಸರ್ವಿಸ್ ಮಾಡಿಸಬೇಕೆಂದು ಅರ್ಥ. ಈಗಲೂ ಆ ದೀಪ ಕಂಡರೆ ಒಬ್ಬ ಸಾವಕಾರರು ನೆನಪಾಗಿ ನನ್ನ ಮೈ ಉರಿಯುತ್ತದೆ.

ಅವರು ಕಟ್ಟಿಗೆ ಗುತ್ತಿಗೆದಾರರು. ಬೇಸಿಗೆಯಲ್ಲಿ ಒಂದು ದಿನ ಅವರ ಕಾರನ್ನು ಅಣಶಿ ಘಾಟಿನಿಂದ ಎಳೆದು ತಂದರು. ಎಂಜಿನ್ ಜಾಮ್ ಆಗಿತ್ತು. ಜೊತೆಗೆ ಬಂದ ಡ್ರೈವರ್ ಪರಶುರಾಮ, ತೇರಗಾಂವದವನು, ಮುಖ ಬಾಡಿಸಿಕೊಂಡು ಮೂಲೆಯಲ್ಲಿ ನಿಂತಿದ್ದ. ಸಾವಕಾರರು ಅವನ ಲೈಸೆನ್ಸ್ ಕಸಿದು ತಮ್ಮ ಜೇಬಿಗೆ ಇಳಿಸಿದ್ದರು.

“ಗಾಡಿ ಬಡದು ಬಡದು ಹೊಡದು ಹಾಳ ಮಾಡ್ಯಾನ. ಹಾಂಗಂತ ಬರದು ಕೊಡ್ರಿ. ಇವ ಇನ್ನ ಎಲ್ಲೂ ಸ್ಟೇರಿಂಗ್ ಹಿಡೀಬಾರ್ದು!” ಎಂದರು.

ಎಂಜಿನ್ನಿನ ಅಡಿಯ ಬೋಲ್ಟ್ ಬಿಚ್ಚಿದೆ. ಆಯಿಲ್ ಹರಿಯಲೇ ಇಲ್ಲ. ಡಾಂಬರಿನಂತೆ ಮುದ್ದೆಯಾಗಿ ಕೆಳಗೆ ಬಿತ್ತು.

“ಸಾವಕಾರ್ರ, ಈ ಆಯಿಲ್ ಬದಲಿ ಮಾಡೇ ಇಲ್ಲ.”

“ಲೈಟ್ ಹತ್ತಿಲ್ಲಲ್ರಿ! ಲೈಟ್ ಹತ್ತದ ಆಯಿಲ್ ಹೆಂಗ ಕೆಟ್ಟೀತು?”

ನೋಡಿ ಇವರ ಜಾಣತನ! ಕೆಲವು ದುಬಾರಿ ಕಾರುಗಳಲ್ಲಿ ಎಂಜಿನ್ನಿನ ಕಾವು, ಓಟದ ಭಾರ ಎಲ್ಲವನ್ನೂ ಲೆಕ್ಕ ಹಾಕಿ ದೀಪ ಹತ್ತುತ್ತದೆ. ಈ ಕಾರಿನದಕ್ಕೆ ಅಷ್ಟು ಬುದ್ಧಿಯಿಲ್ಲ. ಅದು ಎಣಿಸುವುದು ಓಡಿದ ಕಿಲೋಮೀಟರ್ ಮಾತ್ರ. ಆಯಿಲ್ ಕಪ್ಪೋ ಬಿಳುಪೋ ಅದಕ್ಕೆ ಕಾಣುವುದಿಲ್ಲ. ಸರ್ವಿಸ್ ಆದಮೇಲೆ ನಾವು ಗುಂಡಿ ಒತ್ತಿ ಆರಿಸಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಈ ಕಾರು ನಮ್ಮಲ್ಲಿ ಹಿಂದಿನ ಸಲ ಸರ್ವಿಸ್ ಆದಮೇಲೆ ಓಡಿದ ದೂರ ನೋಡಿದರೆ, ನಡುವೆ ಒಮ್ಮೆ ದೀಪ ಹತ್ತಿರಲೇಬೇಕು.

ಪರಶುರಾಮನನ್ನು ಕೇಳಿದೆ. “ಹೌದ್ರಿ, ದಸರಾದಾಗ ಹತ್ತೇತಂತ ಹೇಳೇ ರಜಾ ಹೋಗಿದ್ನಿ. ಊರಿಂದ ಬಂದ ಮ್ಯಾಲೆ ನೋಡಿದ್ರ ಆರಿತ್ತು. ಸರ್ವಿಸ್ ಆತೇನ್ರಿ ಅಂದ್ರ, ‘ಎಲ್ಲಾ ಆಗೇತಿ, ನೀ ಗಾಡಿ ಹೊಡಿ’ ಅಂದ್ರು.”

ನಾನು ಸಾವಕಾರರ ಕಡೆ ತಿರುಗಿದೆ. ಅವರಿಗೆ ಇಷ್ಟೂ ನಾಚಿಕೆಯಿಲ್ಲ!

“ಖಂಡೇ ಪೂಜಿ ದಿವಸ ಗಾಡಿಗೆ ಪಾನಾ ಹಚ್ತಾರೇನ್ರಿ? ನಿಮ್ಮ ಪಾನಾನೂ ಪೂಜಿಗೆ ಕೂತಿದ್ವು. ಹಾರ ಹಾಕಿದ ಗಾಡ್ಯಾಗ ಅದೊಂದು ದೀಪ ಅಪಶಕುನ ಅಂತ, ಗಾಡಿ ಜೋಡಿ ಕೊಟ್ಟ ಪುಸ್ತಕ ನೋಡಿ ನಾನ ಗುಂಡಿ ಒತ್ತಿ ಆರಿಸಿದೆ.”

“ಮರುದಿನ ಯಾಕ ತರಲಿಲ್ರಿ?”

“ಆರಿದ ಮ್ಯಾಲೆ ಯಾಕ ತರೂದು?”

ಖಂಡೇನವಮಿಗೆ, ಅಂದರೆ ಆಯುಧಪೂಜೆಯ ದಿನ, ಹತಾರ ಮುಟ್ಟಬಾರದೆಂಬುದನ್ನು ನಾನೂ ಪಾಲಿಸುವವನೇ. ಆದರೆ ದೇವರು ಒಂದು ದಿನ ಕೈ ಕಟ್ಟಿ ಕೂರು ಎಂದರೆ, ವರ್ಷವಿಡೀ ಕಣ್ಣು ಮುಚ್ಚಿ ಕೂರು ಎಂದನೇ? ಅತ್ತೆ ಒಡೆದ ಗಡಿಗೆಗೆ ಬೆಲೆಯಿಲ್ಲ ಎಂಬಂತೆ, ತಾವು ಮಾಡಿದ್ದು ತಪ್ಪೇ ಅಲ್ಲ. ಅನ್ನ ಕಳೆದುಕೊಳ್ಳಬೇಕಾದವನು ಡ್ರೈವರ್!

“ಮೊದ್ಲ ಅವನ ಲೈಸೆನ್ಸ್ ಕೊಡ್ರಿ. ಅಲ್ಲೀತನ ನಿಮ್ಮ ಗಾಡಿಗೆ ನಾನೂ ಪಾನಾ ಹಚ್ಚಂಗಿಲ್ಲ,” ಎಂದೆ. ವರ್ಕ್‌ಶಾಪಿನ ಮಂದಿಯೆಲ್ಲ ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಸಾವಕಾರರು ಗೊಣಗುತ್ತ ಜೇಬಿಗೆ ಕೈ ಹಾಕಿದರು.

“ಆತು, ಗಾಡಿ ರಿಪೇರಿ ಆದ ಮ್ಯಾಲೆ ಕೆಲಸಕ್ಕ ಬಾರಪಾ,” ಎಂದರು, ದೊಡ್ಡ ಉಪಕಾರ ಮಾಡಿದವರಂತೆ.

ಪರಶುರಾಮ ಲೈಸೆನ್ಸನ್ನು ಅಂಗಿಗೆ ಒರೆಸಿ ಒಳಜೇಬಿನಲ್ಲಿಟ್ಟುಕೊಂಡ. “ಬ್ಯಾಡ್ರಿ ಸಾವಕಾರ್ರ. ಇನ್ನೊಮ್ಮೆ ದೀಪ ಹತ್ತಿದ್ರ ನಿಮಗ ಹೇಳಾಕ ನನಗ ಧೈರ್ಯ ಇಲ್ಲ,” ಎಂದು ಹೊರಟುಹೋದ.

ಅಂದಿನಿಂದ ನಿವೃತ್ತಿಯಾಗುವವರೆಗೂ, ದೀಪ ಆರಿದೆ ಎಂದು ಯಾರೇ ನೆಮ್ಮದಿಯಿಂದ ಹೇಳಲಿ, ಆರಿಸಿದವರು ಯಾರು ಎಂದು ಕೇಳದೆ ನಾನು ಬಿಟ್ಟಿಲ್ಲ.