ಬನ್ನಕ್ಕನಿಗೆ ಬೇಕಿದ್ದ ಉತ್ತರ

ಬೀದಿದೀಪ ಇನ್ನೂ ಆರಿಲ್ಲ. ಬೇಕರಿಯ ಹಿಂಬದಿಯಲ್ಲಿ ಹೆಂಗಸೊಬ್ಬರು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಾದುತ್ತಿದ್ದಾರೆ. ತುಟಿ ಮಾತ್ರ ಪಾಠ ಒಪ್ಪಿಸುತ್ತಿದೆ. ಬನ್ನುಗಳೆಲ್ಲ ಬೆಂದ ಮೇಲೆ ಕೈ ತೊಳೆದು, ಚೀಲ ಹೆಗಲಿಗೇರಿಸಿ ಅವರು ಹೊರಡುವುದು ಇಸ್ಲಾಮಿಕ್ ಧಾರ್ಮಿಕ ಕಾಲೇಜಿಗೆ. ಅಲ್ಲಿ ಅವರು ಮೂರನೇ ವರ್ಷದ ವಿದ್ಯಾರ್ಥಿನಿ. ಮಗಳ ವಯಸ್ಸಿನ ಸಹಪಾಠಿಗಳಿಗೆಲ್ಲ ‘ಬನ್ನಕ್ಕ’.

"ನನ್ನ ಪಕ್ಕ ಕೂರೋಕೆ ಪೈಪೋಟಿ. ನನ್ನ ಬುದ್ಧಿಗಲ್ಲ, ಚೀಲದಿಂದ ಬರೋ ಘಮಕ್ಕೆ" ಎಂದು ನಗುತ್ತಾರೆ.

ಅವರನ್ನು ಕಾಲೇಜಿಗೆ ಕಳಿಸಿದ್ದು ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ಆ ಹುಡುಗಿಯನ್ನು ಸಾಕುತ್ತಿರುವುದು ಇವರೇ. ಒಂದು ಸಂಜೆ ಜಡೆ ಹಾಕಿಸಿಕೊಳ್ಳುತ್ತಾ ಅವಳು ಕೇಳಿದಳಂತೆ: "ದೊಡ್ಡಮ್ಮ, ನಾನು ಮುದುಕಿಯಾಗಿ ಸತ್ರೆ, ಅಲ್ಲಿ ಅಮ್ಮಂಗೆ ನನ್ನ ಗುರುತು ಸಿಗುತ್ತಾ?"

"ಬಾಚಣಿಗೆ ಕೂದಲಲ್ಲೇ ನಿಂತ್ಹೋಯ್ತು. ಏನೋ ಒಂದು ಹೇಳಿ ಸಾಗಹಾಕಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಓದಿಯೇ ತಿಳ್ಕೊಳ್ಳೋಣ ಅಂತ ಕಾಲೇಜು ಸೇರಿದೆ."

ಮೊದಲೆರಡು ವರ್ಷ ಕಲಿಸಿದ ಹಿರಿಯ ಉಸ್ತಾದರು, ಯಾರಾದರೂ ಕೈಯೆತ್ತಿದರೆ ಪುಸ್ತಕ ಮುಚ್ಚಿಟ್ಟು ಕಿವಿಗೊಡುತ್ತಿದ್ದರು. ಬನ್ನಕ್ಕನಿಗೆ ಧೈರ್ಯ ಬರುವಷ್ಟರಲ್ಲಿ ಅವರು ಕಾಯಿಲೆಬಿದ್ದು ಊರಿಗೆ ಹೋದರು. ಅವರ ಜಾಗಕ್ಕೆ ಬಂದ ಎಳೆಯ ಉಸ್ತಾದರದು ಒಂದೇ ಓಟ: ಬರೆಸುವುದು, ಬಾಯಿಪಾಠ, ಪರೀಕ್ಷೆ. ಬನ್ನಕ್ಕ ಎದ್ದು ನಿಂತು ಮಗುವಿನ ಪ್ರಶ್ನೆ ಕೇಳಿದಾಗ, "ಪಾಠ ಮುಗೀಲಿ, ಆಮೇಲೆ ನೋಡೋಣ" ಎಂದರು. ಆ ‘ಆಮೇಲೆ’ ಬರಲೇ ಇಲ್ಲ.

ಕಲಿಕೆ ಹೇಗಿದೆ ಎಂದು ಪ್ರಾಂಶುಪಾಲರು ಎಲ್ಲರನ್ನೂ ಕೂರಿಸಿಕೊಂಡು ಕೇಳಿದ ದಿನ, ಉಳಿದವರು ಫ್ಯಾನು, ಬೆಂಚು, ಕುಡಿಯುವ ನೀರಿನ ಮಾತಾಡಿದರು. ಬನ್ನಕ್ಕ ಹೇಳಿದ್ದು ಇಷ್ಟು: "ಪಾಠ ಎಲ್ಲ ಬಾಯಿಗೆ ಬರುತ್ತೆ ಸರ್. ಮನೇಲಿ ಮಗು ಒಂದು ಮಾತು ಕೇಳಿದ್ರೆ ಬಾಯೇ ಬರಲ್ಲ." ಎಳೆಯ ಉಸ್ತಾದರು ತಲೆ ತಗ್ಗಿಸಿದರು.

ಮರುದಿನ ಮುಂಜಾನೆ ಅವರೇ ಬೇಕರಿಯ ಹಿಂಬಾಗಿಲಿಗೆ ಬಂದರು. "ಬನ್ ಬೇಕೇನೋ ಅಂದ್ಕೊಂಡೆ. ‘ಅಕ್ಕಾ, ನಮ್ಮಮ್ಮನೂ ನಾನು ಚಿಕ್ಕೋನಿದ್ದಾಗ್ಲೇ ಹೋದ್ರು. ಆ ಮಾತೆತ್ತಿದ್ರೆ ಕ್ಲಾಸಲ್ಲೇ ಅತ್ತುಬಿಡ್ತೀನಿ ಅಂತ ತಪ್ಪಿಸ್ಕೊಂಡೆ’ ಅಂದ್ರು. ಕೂತ್ಕೊಳ್ಳಿ ಅಂತ ಸ್ಟೂಲ್ ಎಳೆದು ಹಾಕಿದೆ."

ಈಗ ವಾರದ ಕೊನೆಯ ಪೀರಿಯಡ್ಡು ಪ್ರಶ್ನೆಗಳಿಗೇ ಮೀಸಲು. ಹಿಂದಿನ ಪಂಡಿತರು ಏನೆಂದಿದ್ದಾರೆಂದು ಎಲ್ಲರೂ ಕೂಡಿ ಹುಡುಕುತ್ತಾರೆ, ಜಗಳವನ್ನೂ ಆಡುತ್ತಾರೆ. ಗಂಟೆ ಬಾರಿಸಿದರೂ ಯಾರೂ ಏಳುವುದಿಲ್ಲ.

ಮಗುವಿಗೆ ಕೊನೆಗೆ ಏನು ಹೇಳಿದಿರಿ ಎಂದು ಕೇಳುತ್ತೇನೆ.

"ಗುರುತು ಸಿಗುತ್ತೆ ಅಂತ ನಂಬಿದ ದೊಡ್ಡವರು ತುಂಬಾ ಜನ ಇದ್ದಾರೆ ಕಣೇ, ನಾನೂ ನಂಬ್ತೀನಿ ಅಂದೆ."

ಒಲೆಯ ಬಾಗಿಲು ತೆರೆದು, ಆ ಬಿಸಿಗೆ ಮುಖ ತಿರುಗಿಸಿ ಬನ್ನಿನ ತಟ್ಟೆ ಹೊರಗೆಳೆಯುತ್ತಾರೆ.

"ನನಗೂ ನನ್ನ ತಂಗೀನ ನೋಡ್ಬೇಕಲ್ಲ."